ಹುಳದ ದೇವರಿಗೆ ಹೆಸರು ಹೇಳಿಸಿದ್ದು

ನಮ್ಮ ಹಿತ್ತಲಿನ ಸೊಪ್ಪಿನ ಚಪ್ಪರಕ್ಕೆ ಸಂಜೆ ಬಿಸಿಲು ಹೊಡೆಯದಿರಲೆಂದು ಪಡುವಲ ದಿಕ್ಕಿಗೆ ಒಂದು ಫ್ಲೆಕ್ಸ್ ಕಟ್ಟಿದ್ದೇವೆ. ಎಂಟಡಿ ಉದ್ದ, ನಾಲ್ಕಡಿ ಅಗಲ. ಅದರ ಮೇಲೆ ಹನ್ನೊಂದು ಮುಖಗಳಿವೆ. ನಡುವಿನದು ಕುಂಬಳಕಾಯಿ ಗಾತ್ರದ್ದು. ಅದು ನಮ್ಮ ಸೀಮೆಯ ಮುಖಂಡರದು. ಅವರ ಎಡಬಲದಲ್ಲಿ ತೆಂಗಿನಕಾಯಿ ಗಾತ್ರದಲ್ಲಿ ಅವರ ಇಬ್ಬರು ಆಪ್ತರು. ಕೆಳಗೆ ಸಾಲಾಗಿ, ನಿಂಬೆಹಣ್ಣಿನ ಗಾತ್ರದಲ್ಲಿ, ಜಪಾನಿಗೆ ಹೊರಟ ನಾವು ಎಂಟು ಮಂದಿ. ಎಡದಿಂದ ಮೂರನೆಯ ನಿಂಬೆಹಣ್ಣು ನಾನು, ಚನ್ನೇಗೌಡ. 'ಅಧ್ಯಯನ ಪ್ರವಾಸ ಕೈಗೊಂಡಿರುವ ರೇಷ್ಮೆ ರತ್ನಗಳಿಗೆ ಹಾರ್ದಿಕ ಶುಭಾಶಯಗಳು' ಎಂದು ಮೇಲೆ ಬರೆದಿದೆ. ಶುಭ ಕೋರುವವರು ಎಂಬಲ್ಲಿಯೂ ನಮ್ಮ ಹೆಸರೇ ಇದೆ. ಬೇರೆಯವರು ಕೋರುತ್ತಾರೆಂದು ಕಾದು ಕೂತರೆ ವಿಮಾನ ಹೊರಟುಹೋಗುತ್ತದೆ.

ಈ ಫ್ಲೆಕ್ಸ್ ಸಾಮಾನ್ಯದ್ದಲ್ಲ. ಇದು ಜಪಾನಿಗೆ ಹೋಗಿ ಬಂದಿದೆ. ನಮ್ಮೂರಿನಿಂದ ಅಲ್ಲಿಗೆ ಹೋಗಿ ಹಿಂದಿರುಗಿದ ಪದಾರ್ಥಗಳು ಎರಡೇ: ಈ ಫ್ಲೆಕ್ಸ್ ಮತ್ತು ನಾನು. ಇಬ್ಬರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಫ್ಲೆಕ್ಸ್ ಎಂದು ಮನೆಯಲ್ಲಿ ಅಭಿಪ್ರಾಯವಿದೆ.

ನಾನು ಹೇಗೆ ರೇಷ್ಮೆ ರತ್ನವಾದೆ ಎಂಬುದನ್ನು ಮೊದಲು ಹೇಳಬೇಕು. ನಾನು ಮಾಗಡಿಯ ಹೈಸ್ಕೂಲೊಂದರಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಕೈಲಾಂಚ ಹೋಬಳಿಯ ನಮ್ಮೂರಿನಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟವಿದೆ, ಹಿತ್ತಲಲ್ಲಿ ಹುಳ ಸಾಕುವ ಮನೆಯಿದೆ. ಪಹಣಿ ನನ್ನ ಹೆಸರಿನಲ್ಲಿದೆ, ಪಾಸ್‌ಬುಕ್ ನನ್ನ ಹೆಸರಿನಲ್ಲಿದೆ, ರಾಮನಗರದ ಗೂಡಿನ ಮಾರುಕಟ್ಟೆಯ ಚೀಟಿ ನನ್ನ ಹೆಸರಿನಲ್ಲಿ ಬರುತ್ತದೆ. ಹುಳುಗಳು ಮಾತ್ರ ನನ್ನ ಹೆಂಡತಿ ಪುಟ್ಟತಾಯಮ್ಮನ ಮಾತು ಕೇಳುತ್ತವೆ. ಹುಳದ ಮನೆಗೆ ನನಗೆ ಪ್ರವೇಶವೇ ಇಲ್ಲ. ನನಗೆ ನಶ್ಯದ ಅಭ್ಯಾಸವಿದೆ. ಹೊಗೆಸೊಪ್ಪಿನ ಗಾಳಿ ಸೋಕಿದರೂ ರೇಷ್ಮೆಹುಳ ಸಾಯುತ್ತದೆ. ಇಪ್ಪತ್ತಾರು ವರ್ಷಗಳ ಹಿಂದೆ, ಮೊದಲ ಬೆಳೆ ಇಟ್ಟ ದಿನ, ಅವಳು ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಿದೆ.

"ನೋಡಿ, ನಶ್ಯನಾದ್ರೂ ಬುಡಿ, ಇಲ್ಲ ಹುಳದ್ ಮನೇನಾದ್ರೂ ಬುಡಿ."

ನಾನು ಹುಳದ ಮನೆ ಬಿಟ್ಟೆ. ಸುಲಭವಾದದ್ದನ್ನು ಬಿಡುವುದು ಬುದ್ಧಿವಂತರ ಲಕ್ಷಣ. ಅಂದಿನಿಂದ ಕಿಟಕಿಯ ಜಾಲರಿಯ ಹೊರಗೆ ನಿಂತು ಸಲಹೆ ಕೊಡುವ ಕೆಲಸವನ್ನು ಬಿಡದೆ ಮಾಡಿಕೊಂಡು ಬಂದಿದ್ದೇನೆ. ಹೀಗಿರುವಾಗ, ಹೋಬಳಿಯಲ್ಲೇ ಅತ್ಯುತ್ತಮ ಗೂಡು ಬೆಳೆದ ರೈತನೆಂದು ನನಗೆ ಶಾಲು, ಹಾರ, ಫಲಕ ಮತ್ತು ಜಪಾನ್ ಪ್ರವಾಸ ದೊರೆಯಿತು. ಹಾರ ಹಾಕಿದವರು ನನ್ನ ಕಿವಿಯಲ್ಲಿ, "ನಿಮ್ ಪರಿಶ್ರಮ ದೊಡ್ದು ಮೇಷ್ಟ್ರೇ" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಆ ವಿನಯದಲ್ಲಿ ಸುಳ್ಳಿರಲಿಲ್ಲ.

ಮನೆಗೆ ಬಂದು ವಿಷಯ ಹೇಳಿದಾಗ ಅವಳು ಸೊಪ್ಪು ಕತ್ತರಿಸುತ್ತಿದ್ದಳು. ಜಗಳ ಮಾಡಿದ್ದರೆ ಉತ್ತರ ತಯಾರಿತ್ತು. ಪಹಣಿ, ಪಾಸ್‌ಪೋರ್ಟು, ಇಲಾಖೆಯ ನಿಯಮ, ಎಲ್ಲವನ್ನೂ ಬಸ್ಸಿನಲ್ಲೇ ಕಂಠಪಾಠ ಮಾಡಿಕೊಂಡಿದ್ದೆ. ಅವಳು ಜಗಳವಾಡಲಿಲ್ಲ. ಪ್ರವಾಸದ ಪಟ್ಟಿ ಓದಿಸಿಕೊಂಡಳು. ಮೂರನೆಯ ದಿನ, ರೇಷ್ಮೆಹುಳುವಿನ ಪುರಾತನ ದೇವಾಲಯ ವೀಕ್ಷಣೆ ಎಂಬಲ್ಲಿಗೆ ಬಂದಾಗ ಕುಡುಗೋಲು ನಿಂತಿತು.

"ಹುಳಕ್ಕೇ ಅಂತ ದೇವ್ರು ಐತಾ?"

"ಇದೆಯಂತೆ. ಸಾವಿರ ವರ್ಷಕ್ಕೂ ಹಳೆಯದಂತೆ."

"ಇಪ್ಪತ್ತಾರು ವರ್ಸ ಸಾಕಿವ್ನಿ, ಗೊತ್ತೇ ಇರ್ನಿಲ್ಲ ನೋಡಿ." ಕುಡುಗೋಲನ್ನು ಪಕ್ಕಕ್ಕಿಟ್ಟು ಹೇಳಿದಳು: "ನಂಗೆ ಸೀರೆ ಗೀರೆ ಏನೂ ಬ್ಯಾಡ. ಆ ದೇವ್ರ ಮುಂದೆ ನನ್ ಹೆಸ್ರಲ್ಲಿ ಒಂದು ಅರ್ಚನೆ ಮಾಡ್ಸಿ. ಇಲ್ಲಿ ಯಾರ್ಗೂ ಗೊತ್ತಿಲ್ದಿದ್ರೆ ಓಗ್ಲಿ, ಆ ದೇವ್ರಿಗಾದ್ರೂ ಗೊತ್ತಿರ್ಲಿ, ಹುಳ ಸಾಕೋಳು ಯಾರು ಅಂತ."

ಒಂದು ಹೆಸರು ಹೇಳಿಸುವುದು ಎಷ್ಟರ ಕೆಲಸ ಎಂದುಕೊಂಡು ಒಪ್ಪಿದೆ.

ಹೆಸರಿನ ವಿಷಯ ಬಂದಿತೆಂದು ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನನ್ನಂಥವರಿಗೆ ದಾರಿ ಬಿಡುವುದರಲ್ಲೇ ಸುಖ. ನಾನು ಚಿಕ್ಕವನಿದ್ದಾಗ ಮಾಗಡಿಯ ಗುಡಿಗೆ ಅವ್ವನ ಸೆರಗು ಹಿಡಿದು ಹೋಗುತ್ತಿದ್ದೆ. ಅರ್ಚಕರು ತಟ್ಟೆ ತೆಗೆದುಕೊಂಡು, "ಯಜಮಾನರ ಹೆಸರು?" ಎಂದು ಕೇಳುವರು. ಅವ್ವ ಗಂಡನ ಹೆಸರು ಹೇಳುವಂತಿಲ್ಲ. ನನ್ನ ಬೆನ್ನಿಗೆ ಮೆಲ್ಲನೆ ತಿವಿಯುವಳು. ನಾನು ದೇವರಿಗೆ ಕಿವಿ ಕೇಳದೆಂಬಂತೆ ಅಪ್ಪನ ಹೆಸರು ಕೂಗುವೆನು. ಅಪ್ಪನ ಹೆಸರು ಹೇಳಬಾರದೆಂದು ಅವ್ವನಿಗೆ ಕಟ್ಟಳೆಯಿತ್ತು, ಸರಿ. ಅವ್ವನ ಹೆಸರು ಹೇಳಬಾರದೆಂದು ಅಪ್ಪನಿಗೆ ಯಾವ ಕಟ್ಟಳೆಯೂ ಇರಲಿಲ್ಲ. ಆದರೂ ಆತ ಒಂದು ದಿನವೂ ಹೇಳಿದ್ದು ಕಾಣೆ. "ಇವ್ಳೇ" ಎನ್ನುವನು, ಕೋಪ ಬಂದರೆ "ಎಲ್ ಸತ್ಲು" ಎನ್ನುವನು. ಅವ್ವನ ಹೆಸರು ಕೆಂಪಮ್ಮ ಎಂದು ನನಗೆ ತಿಳಿದದ್ದು ಓದು ಬಂದ ಮೇಲೆ, ರೇಷನ್ ಕಾರ್ಡಿನಿಂದ. ಅಂಥ ತಂದೆಯ ಮಗನಾದ ನಾನು ಓದಿ, ಮೇಷ್ಟ್ರಾಗಿ, ಮೂವತ್ತಮೂರು ವರ್ಷ ದಿನಕ್ಕೆ ಅರವತ್ತು ಹೆಸರಿನಂತೆ ಹಾಜರಿ ಕೂಗಿದೆ. ಮನೆಗೆ ಬಂದು ಹೆಂಡತಿಯನ್ನು "ಕೇಳ್ತಾ?" ಎಂದು ಕರೆದೆ. ವಿದ್ಯಾಭ್ಯಾಸದಿಂದ ಇಷ್ಟು ಸುಧಾರಣೆಯಾಯಿತು.

ಇನ್ನು ಜಪಾನು. ನಮ್ಮ ತಂಡದ ನಾಯಕ, ಬೆಳೆಗಾರರ ಸಂಘದ ಅಧ್ಯಕ್ಷ, ಮರಳವಾಡಿಯ ರಂಗಸ್ವಾಮಿ. ಎಲ್ಲಿ ಹೋದರೂ ಮೊದಲು ಮುಖಂಡರ ಹೆಸರು ಹೇಳಿ ಆಮೇಲೆ ಉಸಿರಾಡುವ ಮನುಷ್ಯ. ಗುಡಿಯವರಿಗೆ ಕಾಣಿಕೆಯೆಂದು ಚನ್ನಪಟ್ಟಣದ ಗೊಂಬೆಗಳ ಡಬ್ಬ ತಂದಿದ್ದ. ಡಬ್ಬದ ಮೇಲೂ ಮುಖಂಡರ ಸ್ಟಿಕ್ಕರ್ ಅಂಟಿಸಿದ್ದ. ನಮಗೆ ದಾರಿ ತೋರಿಸಲು ಮಿಚಿಕೊ ಎಂಬ ಹೆಣ್ಣುಮಗಳಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳುವಳು, ನಾನು ಕನ್ನಡದಲ್ಲಿ ತಂಡಕ್ಕೆ ತಿಳಿಸುವೆನು. ಅರ್ಥವಾಗದ ಕಡೆ, ಕ್ಲಾಸಿನಲ್ಲಿ ಮಾಡುತ್ತಿದ್ದಂತೆ, ಗಂಭೀರವಾಗಿ ಬೇರೆ ಏನನ್ನೋ ಹೇಳುವೆನು.

ಗುಡಿ ಊರಿನ ನಡುವೆಯೇ ಇತ್ತು. ಮನೆಗಳ ಸಾಲು ಮುಗಿದು ಒಂದು ತಿರುವು ತೆಗೆದುಕೊಂಡರೆ ಮುಗಿಲೆತ್ತರದ ಮರಗಳು, ಅವುಗಳ ಕೆಳಗೆ ಮರದ್ದೇ ಗುಡಿ. ಗೋಪುರವಿಲ್ಲ, ಮೈಕಿಲ್ಲ, ಚಪ್ಪಲಿ ಕಾಯುವವರಿಲ್ಲ. ಸಾವಿರ ವರ್ಷದ ಗುಡಿಗೆ ಒಂದು ಬಕೆಟ್ ಆಯಿಲ್ ಪೇಂಟೂ ಹೊಡೆಸಿಲ್ಲವಲ್ಲ ಎಂದು ನಮ್ಮವರು ಮರುಗಿದರು. ಮುಂದೆ ಎರಡು ಕಂಬ, ಎರಡು ಅಡ್ಡಪಟ್ಟಿಯ ದೊಡ್ಡ ಬಾಗಿಲು. ಗೋಡೆಯೂ ಇಲ್ಲ, ಕದವೂ ಇಲ್ಲ. ಅಡ್ಡಪಟ್ಟಿಯ ಕೆಳಗೆ ಹುಲ್ಲಿನಿಂದ ಹೊಸೆದ ತೋಳುಗಾತ್ರದ ಹಗ್ಗ ಕಟ್ಟಿ, ಅದಕ್ಕೆ ಬಿಳಿ ಕಾಗದದ ಕುಚ್ಚು ಇಳಿಬಿಟ್ಟಿದ್ದರು. ಇಲ್ಲಿಂದಾಚೆ ದೇವರ ಜಾಗ ಎಂದು ಗುರುತು ಎಂದಳು ಮಿಚಿಕೊ. ನಾನು ತಿಳಿಸುವಷ್ಟರಲ್ಲಿ ರಂಗಸ್ವಾಮಿ ಚೀಲದಿಂದ ಫ್ಲೆಕ್ಸ್ ತೆಗೆದಾಗಿತ್ತು.

"ನೋಡ್ರಿ ಮೇಷ್ಟ್ರೇ, ಏನ್ ಜನ. ಕಟ್ಕೊಳ್ಳಿ ಅಂತ ಹಗ್ಗಾನೂ ಇಟ್ಟವ್ರೆ."

ನಮ್ಮ ಸೀಮೆಯಲ್ಲಿ ಎರಡು ಕಂಬ ಕಂಡ ಕೂಡಲೇ ಫ್ಲೆಕ್ಸ್ ಬಿಚ್ಚುವುದು ಕಣ್ಣಿಗೆ ಧೂಳು ಬಿದ್ದರೆ ರೆಪ್ಪೆ ಮುಚ್ಚುವಷ್ಟೇ ಸಹಜ. ಅದಕ್ಕೆ ಅವನನ್ನು ದೂರುವಂತಿಲ್ಲ. ಒಂದು ಮೂಲೆ ಹಗ್ಗಕ್ಕೆ ಸಿಕ್ಕಿಸುವಷ್ಟರಲ್ಲಿ ಗುಡಿಯ ಪೂಜಾರಿ ಬಂದ. ಅರವತ್ತೈದರ ವಯಸ್ಸು, ಬಿಳಿಯ ನಿಲುವಂಗಿ. ಬಂದವನೇ ಸೊಂಟದಿಂದ ಬಾಗಿದ. ರಂಗಸ್ವಾಮಿಯೂ ಬಾಗಿದ. ಪೂಜಾರಿ ಇನ್ನಷ್ಟು ಬಾಗಿದ. ಒಪ್ಪಿಗೆ ಸಿಕ್ಕಿತೆಂದು ರಂಗಸ್ವಾಮಿ ಎರಡನೆಯ ಮೂಲೆಗೆ ಕೈ ಹಾಕಿದ. ಪೂಜಾರಿ ನೆಲ ಮುಟ್ಟುವಂತೆ ಬಾಗಿದ. ಆ ದೇಶದಲ್ಲಿ ಬೇಡವೆಂಬುದನ್ನೂ ಬಾಗಿಯೇ ಹೇಳುತ್ತಾರೆಂದು ಆಗ ತಿಳಿಯಿತು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಎರಡು ಬೈಗುಳದಲ್ಲಿ ವಿಷಯ ಸ್ಪಷ್ಟವಾಗುತ್ತಿತ್ತು. ಕೊನೆಗೆ ರಸ್ತೆಯ ಕಡೆ ಹೋಗಿ, ಫ್ಲೆಕ್ಸನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡೆವು. ಎಡ ತುದಿ ಹಿಡಿದವನು ನಾನು. ಫೋಟೋದಲ್ಲಿ ನನ್ನ ನಾಲ್ಕು ಬೆರಳು ಚೆನ್ನಾಗಿ ಬಂದಿವೆ.

ಒಳಗೆ ಹೋಗುವ ದಾರಿಯಲ್ಲಿ ಕಲ್ಲಿನ ತೊಟ್ಟಿ, ಬಿದಿರಿನ ಸೌಟು. ಎಡಗೈ ತೊಳೆದು, ಬಲಗೈ ತೊಳೆದು, ಬಾಯಿ ಮುಕ್ಕಳಿಸಿ ಹೋಗಬೇಕು. ನಮ್ಮವರು ಅದನ್ನು ತೀರ್ಥವೆಂದು ಮೂರು ಸಲ ಕುಡಿದು ತಲೆಗೆ ಸವರಿಕೊಂಡರು. ನಾನು ಮಾತ್ರ ಸರಿಯಾಗಿ ತೊಳೆದುಕೊಂಡೆ. ಭಕ್ತಿಯಿಂದಲ್ಲ, ನಮ್ಮ ಹುಳದ ಮನೆಯ ಬಾಗಿಲಲ್ಲೂ ಹೀಗೇ ಬಕೆಟ್, ಚೊಂಬು, ಬ್ಲೀಚಿಂಗ್ ಪುಡಿ ಇವೆ. ಕೂಲಿಗೆ ಬಂದವರಿರಲಿ, ರೇಷ್ಮೆ ಇಲಾಖೆಯ ಸಾಹೇಬರಿರಲಿ, ಕೈಕಾಲು ತೊಳೆಯದೆ ಪುಟ್ಟತಾಯಮ್ಮ ಹೊಸ್ತಿಲು ದಾಟಿಸುವುದಿಲ್ಲ. ಇಪ್ಪತ್ತಾರು ವರ್ಷ ಕಿಟಕಿಯಿಂದ ನೋಡಿದ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು. ಪೂಜಾರಿಗೂ ಸಂತೋಷವಾಗಿರಬೇಕು. ಹತ್ತಿರ ಬಂದು ಮಿಚಿಕೊಳ ಮೂಲಕ ಕೇಳಿದ: "ತಾವು ಹುಳು ಸಾಕುವವರೇ? ಈಗ ಮನೆಯಲ್ಲಿ ಹುಳು ಯಾವ ಹಂತದಲ್ಲಿವೆ?"

ಪ್ರಶ್ನೆ ಸುಲಭದ್ದು. ರೇಷ್ಮೆಹುಳ ನಾಲ್ಕು ಸಲ ಮೇವು ಬಿಟ್ಟು, ಮಲಗಿ, ಪೊರೆ ಕಳಚುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಎಷ್ಟನೆಯ ಜ್ವರ ಎಂದು ಹೇಳಿದರೆ ಸಾಕು. ಸಾಕುವ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಹೋಬಳಿಯ ಅತ್ಯುತ್ತಮ ರೈತನಿಗೆ ಗೊತ್ತಿರಲಿಲ್ಲ. "ಮನೆಗೆ ಕೇಳಿ ಹೇಳುತ್ತೇನೆ" ಎಂದೆ. ಪೂಜಾರಿ ಬಾಗಿದ. ಆ ಬಾಗುವಿಕೆಯ ಅರ್ಥವನ್ನು ನಾನು ವಿಚಾರಿಸಲಿಲ್ಲ.

ಮಿಚಿಕೊಳ ಕೈಯಲ್ಲೊಂದು ಪುಟ್ಟ ಪೆಟ್ಟಿಗೆ. ಅದರಿಂದ ನಮ್ಮೆಲ್ಲರ ಫೋನಿಗೂ ಇಂಟರ್ನೆಟ್ ಬರುತ್ತಿತ್ತು. ಮನೆಗೆ ಫೋನ್ ಹಚ್ಚಿದೆ. ಅಲ್ಲಿ ಬೆಳಗಿನ ಏಳೂವರೆ, ಮೊದಲ ಸೊಪ್ಪು ಹಾಕುವ ಸಮಯ.

"ಗುಡಿಗೆ ಬಂದಿದ್ದೇವೆ. ಹುಳ ಎಷ್ಟನೆಯ ಜ್ವರ?"

"ನಾಕ್ನೇ ಜ್ವರ ನೆನ್ನೆ ಎದ್ದವೆ. ಅಲ್ಲಿಗ್ ಓಗಿ ಕೇಳ್ತೀರಲ್ಲ, ಇಲ್ಲಿದ್ದಾಗ ಒಂದಿನ ಕೇಳುದ್ರಾ? ಅದಿರ್ಲಿ, ಅರ್ಚನೆ ಆಯ್ತಾ?"

"ಈಗ ಶುರು."

"ಅಂಗಾರೆ ಫೋನ್ ಇಡ್ಬ್ಯಾಡಿ. ಕಿಟ್ಕಿ ಮ್ಯಾಲ್ ಮಡಗಿವ್ನಿ, ಸೊಪ್ಪಾಕ್ತಾ ಕೇಳುಸ್ಕೊತೀನಿ."

ಫೋನನ್ನು ಹಾಗೇ ಅಂಗಿಯ ಜೇಬಿಗೆ ಬಿಟ್ಟುಕೊಂಡೆ.

ಅಲ್ಲಿಯ ಅರ್ಚನೆಯಲ್ಲೂ ಹೆಸರು, ವಿಳಾಸ ಬರೆದುಕೊಡಬೇಕು. ಪೂಜಾರಿ ಅದನ್ನು ದೇವರ ಮುಂದೆ ರಾಗವಾಗಿ ಓದುತ್ತಾನೆ. ನಕ್ಷತ್ರ, ಗೋತ್ರ ಬೇಡ. ಹಾಳೆಯಲ್ಲಿ ಐದು ಗೆರೆಗಳಿದ್ದವು. ಹಾಳೆಗೆ ಐದೇ ಹೆಸರು, ತಂಡಕ್ಕೆ ಒಂದೇ ಹಾಳೆ, ಹನ್ನೆರಡಕ್ಕೆ ಬಸ್ಸು ಹೊರಡಬೇಕು. ರಂಗಸ್ವಾಮಿ ಕ್ಷಣವೂ ಯೋಚಿಸಲಿಲ್ಲ.

"ಬರೀರಿ ಮೇಷ್ಟ್ರೇ. ಒಂದ್ನೇದು ನಮ್ ಮುಖಂಡ್ರು. ಎಲ್ಡು, ಮೂರು, ಅವ್ರ ಕಡೆಯವ್ರು. ನಾಕ್ನೇದು ನಂದು. ಐದ್ನೇದು ಸಂಘದ ಹೆಸ್ರು ಬರ್ದ್‌ಬುಡಿ, ಎಲ್ರೂ ಬಂದಂಗಾಯ್ತು."

ಮುಖಂಡರು ಬದುಕಿನಲ್ಲಿ ಒಂದು ಹುಳವನ್ನೂ ಮುಟ್ಟಿದವರಲ್ಲ. ರೇಷ್ಮೆಯ ಅಂಗಿಯನ್ನು ಮುಟ್ಟಿದ್ದಾರೆ. ಆದರೆ ನಮ್ಮ ಕಡೆಯ ಗುಡಿಗಳಲ್ಲೂ ಕ್ರಮ ಇದೇ ಅಲ್ಲವೇ? ಹಬ್ಬದ ಮೊದಲ ಅರ್ಚನೆ ಯಾರ ಹೆಸರಿಗೆಂದು ದೇವರಿಗೂ ಗೊತ್ತು. ನಾನು ನಾಲ್ಕು ಹೆಸರು ಬರೆದೆ. ಐದನೆಯ ಗೆರೆಯಲ್ಲಿ ಪೆನ್ನು ನಿಂತಿತು. ಜೇಬಿನೊಳಗಿಂದ ಸೊಪ್ಪಿನ ಸರಸರ ಸದ್ದು ಬರುತ್ತಿತ್ತು.

"ರಂಗಸ್ವಾಮಿ, ಐದನೆಯದು ನನ್ನ ಮನೆಯವಳ ಹೆಸರು ಬರೆಯುತ್ತೇನೆ" ಎಂದೆ.

"ಹೆಂಗುಸ್ರು ಹೆಸ್ರು ಬರಿಯಾಕೆ ಜಪಾನ್‌ಗಂಟ ಬರ್ಬೇಕಿತ್ತಾ ಮೇಷ್ಟ್ರೇ? ಊರಲ್ ಗುಡಿ ಇರ್ನಿಲ್ವಾ? ಸಂಘದ್ದ್ ಬರೀರಿ ಸುಮ್ಕೆ."

"ಬರೆಯುವುದಿಲ್ಲ."

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವನಿಗಿಂತ ಹೆಚ್ಚು ಬೆರಗಾದವನು ನಾನು. ಮಿಕ್ಕ ಆರು ಮಂದಿ ಹಠಾತ್ತನೆ ಮರಗಳ ಎತ್ತರದಲ್ಲಿ ಆಸಕ್ತಿ ತಾಳಿದರು. ರಂಗಸ್ವಾಮಿ ನನ್ನನ್ನು ನೋಡಿದ, ಪೂಜಾರಿಯನ್ನು ನೋಡಿದ. "ಆಯ್ತು ಬುಡಿ, ನೀವೇ ದೊಡ್ಡೋರು" ಎಂದು ಅತ್ತ ತಿರುಗಿದ. ನಾನು ಜಯಶಾಲಿಯಾಗಿ ಐದನೆಯ ಗೆರೆ ತುಂಬಿ ಹಾಳೆಯನ್ನು ಮಿಚಿಕೊಳಿಗೆ ಕೊಟ್ಟೆ. ಅವಳು ತಮ್ಮ ಲಿಪಿಗಿಳಿಸಿದಳು.

ಒಳಗೆ ಚಾಪೆಯ ಮೇಲೆ ಮಂಡಿಯೂರಿ ಕೂತೆವು. ಕೂತೆವೆಂದರೆ, ಐದು ನಿಮಿಷದ ನಂತರ ಒಬ್ಬೊಬ್ಬರಾಗಿ ಉರುಳಿದೆವು. ಪೂಜಾರಿ ತಲೆಗೆ ಎತ್ತರದ ಕರಿ ಟೋಪಿ ಇಟ್ಟುಕೊಂಡು ಬಂದ. ಕೋಲಿನ ತುದಿಗೆ ಕಟ್ಟಿದ ಕಾಗದದ ಕುಚ್ಚನ್ನು ನಮ್ಮ ತಲೆಗಳ ಮೇಲೆ ಬೀಸಿದ. ಬೇವಿನ ಸೊಪ್ಪಿನಲ್ಲಿ ನಿವಾಳಿಸಿದಂತೆಯೇ ಇತ್ತು. ಮುಖಕ್ಕೆ ನೀರು ಸಿಡಿಯಲಿಲ್ಲ, ಅಷ್ಟೇ. ಆಮೇಲೆ ದೇವರ ಕಡೆ ತಿರುಗಿ ಹಾಳೆ ಬಿಡಿಸಿ ಓದತೊಡಗಿದ. ಮುಖಂಡರ ಹೆಸರು ಬಂತು. ಅಂಥ ಗಂಭೀರ ರಾಗದಲ್ಲಿ ಆ ಹೆಸರನ್ನು ಅವರ ಕಡೆಯವರೂ ಹೇಳಿರಲಾರರು. ಆಪ್ತರ ಹೆಸರುಗಳು ಬಂದವು. ರಂಗಸ್ವಾಮಿ ತನ್ನ ಹೆಸರಿಗೆ ಕೈ ಮುಗಿದ. ನಾನು ಜೇಬಿನ ಫೋನನ್ನು ಸ್ವಲ್ಪ ಮೇಲಕ್ಕೆತ್ತಿದೆ.

ಪೂಜಾರಿ ಓದಿದ: "ಸುಮುತೊ ಆಂದೊ ಸುರಿ ಚಾನೆಗೌದ."

ಮೊದಲು ನನಗೆ ತಿಳಿಯಲಿಲ್ಲ. ತಿಳಿದಾಗ ಕಾಲಿನ ಜೋಮು ಎದೆಗೆ ಬಂದಂತಾಯಿತು. ನಲವತ್ತು ವರ್ಷಗಳಿಂದ ಮದುವೆಯ ಕರೆಯೋಲೆ, ಗೃಹಪ್ರವೇಶದ ಪತ್ರಿಕೆ, ಉಡುಗೊರೆಯ ಲಕೋಟೆ, ಎಲ್ಲದರ ಮೇಲೂ ಈ ಕೈ ಬರೆದು ಬರೆದು ಪಳಗಿದ್ದನ್ನೇ ಬರೆದಿತ್ತು: ಶ್ರೀಮತಿ ಮತ್ತು ಶ್ರೀ ಚನ್ನೇಗೌಡ. ಇಂಗ್ಲಿಷಿನಲ್ಲಿ, 'ಎಸ್ ಎಂ ಟಿ ಆಂಡ್ ಶ್ರೀ' ಎಂದು, ದುಂಡಗೆ, ತಪ್ಪಿಲ್ಲದೆ. ರಂಗಸ್ವಾಮಿಯೊಡನೆ ಹೋರಾಡಿ ಗೆದ್ದ ಗೆರೆಯಲ್ಲಿ ನಾನು ಕೂರಿಸಿದ್ದು ನನ್ನನ್ನೇ. ಹೆಂಡತಿಗೆ ಶ್ರೀಮತಿ ಎಂಬ ಒಂದು ಕೊಕ್ಕೆ ಕೊಟ್ಟು ಅದಕ್ಕೆ ನನ್ನ ಹೆಸರು ತಗುಲಿಹಾಕಿದ್ದೆ. ಮೇಷ್ಟ್ರ ಕೈಬರಹ ಎಷ್ಟು ಸ್ಫುಟವೆಂದರೆ, ದೇವರಿಗೂ ಸಂಶಯಕ್ಕೆ ಎಡೆಯಿರಲಿಲ್ಲ.

ಪೂಜೆ ಮುಗಿಯಿತು. ಎಲ್ಲರೂ ಕಾಲು ನೀವಿಕೊಳ್ಳುತ್ತ ಬಸ್ಸಿನ ಕಡೆ ನಡೆದರು. ನಾನು ಹಿಂದೆ ಉಳಿದು ಫೋನ್ ತೆಗೆದೆ.

"ಕೇಳಿಸ್ತಾ?"

"ಕೇಳುಸ್ತು. ಮುಖಂಡ್ರುದು ಕೇಳುಸ್ತು. ರಂಗಸ್ವಾಮಣ್ಣಂದು ಕೇಳುಸ್ತು. ನಿಮ್ದೂ ಕೇಳುಸ್ತು." ಸೊಪ್ಪಿನ ಸದ್ದು ನಿಂತಿತ್ತು. "ನಂದು ಮುಗುದ್ ಮ್ಯಾಲೆ ಹೇಳ್ತಾರಾ?"

ಫೋನನ್ನು ಕಿವಿಗೆ ಹಿಡಿದುಕೊಂಡೇ ಗುಡಿಯ ಕಡೆ ತಿರುಗಿದೆ. ಮಿಚಿಕೊ ನನ್ನನ್ನು ಕರೆಯಲು ಬಂದವಳು ಮುಖ ನೋಡಿ ನಿಂತಳು. ಹರುಕುಮುರುಕಾಗಿ ಅವಳಿಗೆ ವಿಷಯ ಹೇಳಿದೆ. ಇನ್ನೊಂದು ಹಾಳೆ ಸಿಕ್ಕೀತೇ ಎಂದು ಕೇಳಿದೆ. ಅವಳು ಹಾಳೆ ಏಕೆ ಎಂದಳು. ಮುಂಭಾಗದಲ್ಲಿ ಕಾಣಿಕೆ ಪೆಟ್ಟಿಗೆ ಇದೆ, ಅಲ್ಲಿ ಯಾರು ಬೇಕಾದರೂ ನಿಂತು ತಾವೇ ದೇವರಿಗೆ ಹೆಸರು, ಊರು ಹೇಳಿಕೊಳ್ಳಬಹುದು, ಎಲ್ಲರೂ ಹಾಗೇ ಮಾಡುವುದು. ಪೂಜಾರಿ ಬೇಡ, ಬರೆದುಕೊಡುವವರೂ ಬೇಡ. ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ ಹೇಳಿದರಾಯಿತು.

ಇದನ್ನು ಫೋನಿನಲ್ಲಿ ತಿಳಿಸಿದೆ. "ನಾನೇ ನಿನ್ನ ಹೆಸರು ಹೇಳುತ್ತೇನೆ, ಈ ಸಲ ತಪ್ಪುವುದಿಲ್ಲ" ಎಂದೆ.

"ಬ್ಯಾಡ" ಎಂದಳು. "ನೀವ್ ಸುಮ್ಕಿರಿ. ಫೋನ್ನ ದೇವ್ರ ಕಡೀಕ್ ತಿರುಗ್ಸಿ ಮಡಗಿ. ಜೋರಾಗ್ ಕೇಳೋ ಅಂಗ್ ಮಾಡಿ."

ಫೋನನ್ನು ಪೆಟ್ಟಿಗೆಯ ಅಂಚಿನ ಮೇಲೆ ಒರಗಿಸಿ ಸ್ಪೀಕರ್ ಹಾಕಿದೆ. ರಸ್ತೆಯ ಕಡೆಯಿಂದ ರಂಗಸ್ವಾಮಿ, "ಮೇಷ್ಟ್ರೇ, ಬಸ್ ಒಂಟೋಯ್ತದೆ" ಎಂದು ಕೂಗುತ್ತಿದ್ದ. ಕೂಗಲಿ ಎಂದು ಬಿಟ್ಟೆ. ಅವಳು ಗಂಟಲು ಸರಿಮಾಡಿಕೊಂಡಳು. ಸಭೆಯಲ್ಲಿ ಎಂದೂ ಮಾತಾಡದ ಹೆಂಗಸು. ಆದರೂ ಧ್ವನಿ ನಡುಗಲಿಲ್ಲ.

"ಸ್ವಾಮಿ, ನಾನು ಪುಟ್ಟತಾಯಮ್ಮ. ರಾಮನಗರ ತಾಲ್ಲೂಕು, ಕೈಲಾಂಚ ಹೋಬಳಿ. ಹುಳ ಸಾಕೋಳು ನಾನೇ. ನಾಕ್ನೇ ಜ್ವರ ಎದ್ದವೆ, ಚೆನ್ನಾಗ್ ಮೇಯ್ತಾವೆ. ನೀನೂ ಒಸಿ ನೋಡ್ಕಳಪ್ಪ."

ಗುಡಿಯ ಒಳಗಿನಿಂದ ಪೂಜಾರಿ ಇಣುಕಿ ನೋಡಿದ. ಭಾಷೆ ತಿಳಿಯದಿದ್ದರೂ, ಫೋನಿನ ಕಡೆ ತಿರುಗಿ ನಿಧಾನವಾಗಿ ಬಾಗಿದ. ಈ ಸಲದ ಅರ್ಥ ನನಗೂ ತಿಳಿಯಿತು.

"ಚಪ್ಪಾಳೆ ತಟ್ಬೇಕು ಅಂದ್ರಲ್ಲ" ಎಂದಿತು ಫೋನು. "ನನ್ ಎಲ್ಡು ಕೈಲೂ ಸೊಪ್ಪೈತೆ. ಅದೊಂದ್ ನೀವೇ ತಟ್ಬುಡಿ."

ಎರಡು ಸಲ ತಟ್ಟಿದೆ. ಇಪ್ಪತ್ತಾರು ವರ್ಷಗಳಲ್ಲಿ ಹುಳದ ಕೆಲಸಕ್ಕೆ ಅವಳು ನನ್ನ ಕೈ ಕೇಳಿದ್ದು ಅದೇ ಮೊದಲು.